ಹಸುವಿನ ಲೆಕ್ಕ ಬೆಕ್ಕಿಗೆ ನಡೆಯೋಲ್ಲ

ಸಾಕುಪ್ರಾಣಿ: ನಿಮ್ಮ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಪ್ರಶ್ನೆ: ನಮ್ಮದು ರೇಷ್ಮೆಹುಳು ಸಾಕುವ ಮನೆ. ಇಲಿ ಕಾಟಕ್ಕೆಂದು ತಂದ ಕೊತ್ತಿಗೆ ಈಗ ಆರು ತಿಂಗಳು. ಐದು ರಾತ್ರಿ ಮಗು ಅತ್ತ ಹಾಗೆ ಕೂಗಿತು, ನೆಲದ ಮೇಲೆ ಹೊರಳಾಡಿತು. ಹೊಟ್ಟೆನೋವಿರಬೇಕೆಂದು ಓಮಿನ ನೀರು ಕುಡಿಸಿದೆವು. ನಿಂತಿತು. ಎರಡು ವಾರಕ್ಕೆ ಮತ್ತೆ ಶುರು. ಪಕ್ಕದ ಮನೆಯವರು ಬೆದೆ ಅಂತಾರೆ. ಆದರೆ ಒಂದು ಹನಿ ರಕ್ತವೂ ಕಾಣಲಿಲ್ಲ. ಇಷ್ಟು ಚಿಕ್ಕದಕ್ಕೆ ಬೆದೆ ಬರುತ್ತಾ? ಮಾತ್ರೆ ಕೊಟ್ಟು ನಿಲ್ಲಿಸಬಹುದಾ?
– ಓದುಗರು, ಶಿಡ್ಲಘಟ್ಟ

ಉತ್ತರ: ಪಕ್ಕದ ಮನೆಯವರ ಮಾತೇ ಸರಿ. ಪಾಪ, ಕೊತ್ತಿ ಸುಮ್ನೆ ಓಮಿನ ನೀರು ಕುಡಿಯಿತು!

ನಾನು ಕೆಲಸಕ್ಕೆ ಸೇರಿದಾಗ ನಿಮ್ಮೂರೂ ಕೋಲಾರ ಜಿಲ್ಲೆಯಲ್ಲೇ ಇತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಅಷ್ಟು ವರ್ಷ ನಾನು ನೋಡಿದ್ದೆಲ್ಲ ಸೀಮೆಹಸು. ನಮ್ಮ ಕಡೆಯವರಿಗೆ ಬೆದೆ ಅಂದರೆ ಹಸುವಿನ ಬೆದೆಯೇ. ಲೋಳೆ ಸುರಿಸಬೇಕು, ಅಂಬಾ ಅನ್ನಬೇಕು, ಒಂದು ದಿನದಲ್ಲಿ ಮುಗಿಯಬೇಕು, ಇಪ್ಪತ್ತೊಂದನೇ ದಿನಕ್ಕೆ ಮತ್ತೆ ಬರಬೇಕು. ಬೆಕ್ಕಿಗೆ ಈ ಲೆಕ್ಕ ಹಾಕಿದರೆ ಎಲ್ಲಾ ತಪ್ಪುತ್ತದೆ.

ಹೆಣ್ಣು ಬೆಕ್ಕಿಗೆ ಸಾಮಾನ್ಯವಾಗಿ ಐದರಿಂದ ಒಂಬತ್ತು ತಿಂಗಳೊಳಗೆ ಮೊದಲ ಬೆದೆ ಬರುತ್ತದೆ. ಕೆಲವಕ್ಕೆ ನಾಲ್ಕಕ್ಕೇ ಬರುವುದೂ ಉಂಟು. ನೋಡಲು ಇನ್ನೂ ಮರಿಯೇ, ದಾರದುಂಡೆ ಜೊತೆ ಆಡುತ್ತಿರುತ್ತದೆ. ಒಳಗೆ ಮಾತ್ರ ತಾಯಾಗಲು ತಯಾರು. ರಕ್ತ ಹೋಗುವುದು ನಾಯಿಗೆ, ಬೆಕ್ಕಿಗಲ್ಲ. ಬೆಕ್ಕಿನಲ್ಲಿ ರಕ್ತ ಕಂಡರೇ ಡಾಕ್ಟರಿಗೆ ತೋರಿಸಬೇಕು. ನಿಮ್ಮ ಕೊತ್ತಿಯ ಸೊಂಟದ ಮೇಲೆ, ಬಾಲದ ಬುಡದ ಹತ್ತಿರ, ಮೆತ್ತಗೆ ಕೈಯಾಡಿಸಿ ನೋಡಿ. ಮುಂಭಾಗ ನೆಲಕ್ಕೆ ಒತ್ತಿ, ಹಿಂಭಾಗ ಎತ್ತಿ, ಬಾಲ ಪಕ್ಕಕ್ಕೆ ಸರಿಸಿ, ಹಿಂಗಾಲು ತುಳಿದರೆ ಅನುಮಾನವೇ ಬೇಡ.

ಇನ್ನು ಮತ್ತೆ ಮತ್ತೆ ಬರುವ ವಿಚಾರ. ಹಸುವಿನ ಅಂಡ ಹೋರಿ ಬರಲಿ ಬಿಡಲಿ ತಾನಾಗಿ ಬಿಡುಗಡೆಯಾಗುತ್ತದೆ. ಬೆಕ್ಕಿನಲ್ಲಿ ಹಾಗಲ್ಲ. ಸಾಮಾನ್ಯವಾಗಿ ಗಂಡು ಕೂಡಿದ ಮೇಲೇ ಅಂಡ ಬಿಡುಗಡೆ, ಅದೂ ಒಂದೆರಡು ದಿನದೊಳಗೆ. ಗಂಡಿನ ಅಂಗದ ಮೇಲೆ ಸಣ್ಣ ಮುಳ್ಳುಗಳಿರುತ್ತವೆ. ಕೂಡಿದಾಗ ಅವು ತಾಗಿ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಒಂದು ಸಲಕ್ಕೆ ಸಾಲದೆ ಹಲವು ಸಲ ಕೂಡುವುದೂ ಇದಕ್ಕೇ. ಹೆಂಚಿನ ಮೇಲೆ ಕೇಳುವ ಆ ಕಿರುಚಾಟಕ್ಕೂ ಕಾರಣ ಇದೇ, ಅದು ಬರೀ ಜಗಳ ಅಲ್ಲ. ಗಂಡು ಸಿಗದಿದ್ದರೆ ಬೆದೆ ಸುಮಾರು ಒಂದು ವಾರಕ್ಕೆ ಇಳಿದು, ಒಂದೆರಡು ವಾರ ಬಿಟ್ಟು ಮತ್ತೆ ಏರುತ್ತದೆ. ಇದು ಹಗಲು ಉದ್ದವಾದಾಗ ಜಾಸ್ತಿ. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಬಿಡುವು ಸಿಗುತ್ತದೆ. ನಮ್ಮಲ್ಲಿ ಹಗಲು ಅಷ್ಟೇನೂ ಕುಗ್ಗುವುದಿಲ್ಲ, ಮನೆಯೊಳಗೆ ಟ್ಯೂಬ್‌ಲೈಟ್ ಬೇರೆ ಉರಿಯುತ್ತಿರುತ್ತದೆ. ಹಾಗಾಗಿ ವರ್ಷದ ಯಾವ ತಿಂಗಳಲ್ಲಾದರೂ ಬರಬಹುದು.

ಮಾತ್ರೆ ಬೇಡ. ಬೆದೆ ತಡೆಯುವ ಹಾರ್ಮೋನು ಮಾತ್ರೆ, ಇಂಜೆಕ್ಷನ್‌ಗಳಿಂದ ಗರ್ಭಕೋಶದಲ್ಲಿ ಕೀವು ತುಂಬಬಹುದು, ಮೊಲೆಯಲ್ಲಿ ಗಡ್ಡೆ ಏಳಬಹುದು. ಕೂಗು ನಿಂತ ಮೇಲೆ ಆಪರೇಷನ್ ಮಾಡಿಸಿ. ಬೆದೆಯಲ್ಲಿ ರಕ್ತನಾಳಗಳು ಉಬ್ಬಿರುತ್ತವೆ, ಅದಕ್ಕೇ ಕಾಯುವುದು. "ಒಂದು ಸೂಲಾದರೂ ಆಗಲಿ, ಇಲ್ಲದಿದ್ದರೆ ಶಾಪ" ಅಂತ ನಮ್ಮತ್ತೆಯವರೂ ಹೇಳುತ್ತಿದ್ದರು. ಬೆಕ್ಕಿನ ಆರೋಗ್ಯಕ್ಕೆ ಹಾಗೇನೂ ಬೇಕಿಲ್ಲ.

ಪ್ರಶ್ನೆ: ಮರಿ ಹಾಕಿ ಒಂದು ತಿಂಗಳಾಯಿತು, ಇನ್ನೂ ಹಾಲುಣಿಸುತ್ತಿದೆ. ಗಂಡು ಬೆಕ್ಕು ಆಗಲೇ ಹಿತ್ತಲಿಗೆ ಬರುತ್ತಿದೆ. ಹಾಲುಣಿಸುವಾಗ ಗಬ್ಬ ಆಗೋದಿಲ್ಲ ಅಲ್ವಾ? ಅಂದಹಾಗೆ ನಾಲ್ಕು ಮರಿ ನಾಲ್ಕು ಬಣ್ಣ! ಅದರಲ್ಲೊಂದು ಬಿಳಿ, ಕಪ್ಪು, ಕೇಸರಿ ಮೂರೂ ಇರುವಂಥದ್ದು. ಇದು ಹೇಗೆ?
– ಗೃಹಿಣಿ, ಚಿಂತಾಮಣಿ

ಉತ್ತರ: ಆಗುತ್ತದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಮ್ಮ ಮನೆಯಲ್ಲೇ ಆಯಿತು. ಊರ ಹಸುಗಳ ಗಬ್ಬ ನೋಡಿ ಹೇಳುತ್ತಿದ್ದವಳು ನಾನು. ನಮ್ಮ ಬೂದಿ ಬಣ್ಣದ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ತಿರುಗುತ್ತಿತ್ತು. ಹಾಲು ಬಿಡಿಸಿದ ಮೇಲೆ ಆಪರೇಷನ್ ಮಾಡಿದರಾಯಿತು ಅಂತ ಸುಮ್ಮನಿದ್ದೆ. ಮರಿಗಳು ಅನ್ನ ತಿನ್ನಲು ಕಲಿಯುವ ಹೊತ್ತಿಗೆ ಅದರ ಮೊಲೆ ತೊಟ್ಟು ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಗಬ್ಬವಾಗಿ ಎರಡು, ಎರಡೂವರೆ ವಾರಕ್ಕೆ ಕಾಣುವ ಗುರುತು ಅದು. ಬೆಕ್ಕಿನ ಗಬ್ಬ ಒಟ್ಟು ಒಂಬತ್ತು ವಾರ ಅಷ್ಟೇ. ಒಂದೇ ವರ್ಷದಲ್ಲಿ ಎರಡನೇ ಸಲ ಮರಿಗಳಿಗೆ ಮನೆ ಹುಡುಕಿಕೊಂಡು ಬೀದಿ ಬೀದಿ ಅಲೆದೆ. ನಮ್ಮ ಹಾಲಿನವನು ಈಗಲೂ ಆ ಮಾತೆತ್ತಿ ನಗುತ್ತಾನೆ. ನೀವು ತಾಯಿಯನ್ನು ಇವತ್ತಿನಿಂದಲೇ ಒಳಗೆ ಇಟ್ಟುಕೊಳ್ಳಿ, ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿ.

ಬಣ್ಣಕ್ಕೆ ಬರೋಣ. ಒಂದೇ ಬೆದೆಯಲ್ಲಿ ಎರಡು ಮೂರು ಗಂಡುಗಳ ಜೊತೆ ಕೂಡಿದ್ದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಒಬ್ಬನೇ ಅಪ್ಪನಾದರೂ ಬಣ್ಣ ಬೇರೆಯಾಗಬಹುದು, ಹಿತ್ತಲಿನ ಗಂಡಿನ ಮೇಲೆ ಆರೋಪ ಬೇಡ. ಆ ಮೂರು ಬಣ್ಣದ ಮರಿ ಮಾತ್ರ ಹೆಣ್ಣೇ ಅಂತ ಧೈರ್ಯವಾಗಿ ಹೇಳಬಹುದು. ಕೇಸರಿಯೋ ಕಪ್ಪೋ ಅನ್ನುವುದು ಎಕ್ಸ್ ಕ್ರೋಮೋಸೋಮಿನ ಮೇಲೆ ನಿಂತಿದೆ. ಹೆಣ್ಣಿಗೆ ಎರಡು ಎಕ್ಸ್, ಆದ್ದರಿಂದ ಎರಡೂ ಬಣ್ಣ ಕಾಣಬಹುದು. ಗಂಡಿಗೆ ಇರುವುದು ಒಂದೇ. ಮೂರು ಬಣ್ಣದ ಗಂಡು ತುಂಬಾ ಅಪರೂಪ, ಅಂಥದ್ದಕ್ಕೆ ಸಾಮಾನ್ಯವಾಗಿ ಮರಿಯೂ ಆಗದು. ಉಳಿದ ಮೂರರ ಬಾಲ ಎತ್ತಿ ನೋಡಿ. ಗುದದ ಕೆಳಗೆ ಹತ್ತಿರದಲ್ಲೇ ಸೀಳಿದ್ದರೆ ಹೆಣ್ಣು. ಸ್ವಲ್ಪ ದೂರದಲ್ಲಿ ಚುಕ್ಕೆ ಇದ್ದರೆ ಗಂಡು.

ಪ್ರಶ್ನೆ: ಹತ್ತು ತಿಂಗಳ ಗಂಡು ಬೆಕ್ಕು ಕೊಬ್ಬರಿ ಮೂಟೆಗಳ ಮೇಲೆಲ್ಲ ಉಚ್ಚೆ ಚಿಮ್ಮಿಸುತ್ತಿದೆ. ನಾತ ತಡೆಯೋಕಾಗ್ತಿಲ್ಲ. ಬೀಜ ಒಡೆಸಬೇಕಾ?
– ವ್ಯಾಪಾರಿ, ತಿಪಟೂರು

ಉತ್ತರ: ಒಡೆಸುವುದು ಎತ್ತಿಗೆ. ಬೆಕ್ಕಿಗೆ ಅರಿವಳಿಕೆ ಕೊಟ್ಟು ಬೀಜ ತೆಗೆಯುತ್ತಾರೆ, ಸಣ್ಣ ಕೆಲಸ. ವಯಸ್ಸಿಗೆ ಬಂದ ಗಂಡು ಹೀಗೆ ಗಡಿ ಗುರುತು ಹಾಕುವುದು ಸಹಜ. ಬೀಜ ತೆಗೆದರೆ ಹೆಚ್ಚಿನವು ಬಿಡುತ್ತವೆ, ಮರುದಿನವೇ ಅಲ್ಲ. ಅಷ್ಟೇ ಅಲ್ಲ, ಒಳಗೆ ಉಳಿದ ವೀರ್ಯದಿಂದ ಇನ್ನೂ ಕೆಲವು ವಾರ ಮರಿ ಹುಟ್ಟಿಸಬಲ್ಲದು, ಪಕ್ಕದ ಮನೆ ಹೆಣ್ಣಿನಿಂದ ದೂರ ಇಡಿ. ನೆಲಕ್ಕೆ ಫಿನಾಯಿಲ್ ಹಾಕಬೇಡಿ, ಪಾದ ನೆಕ್ಕುವ ಬೆಕ್ಕಿಗೆ ಅದು ವಿಷ. ಸೋಪಿನ ನೀರಲ್ಲಿ ತೊಳೆದು, ಗೋಣಿಚೀಲಗಳನ್ನು ಬಿಸಿಲಿಗೆ ಹಾಕಿ.