ರಕ್ತ ಬರದ ಒಸಡು ಗಟ್ಟಿ ಒಸಡೇ?

ಪ್ರಶ್ನೆ: ನನಗೆ 17 ವರ್ಷ. ಒಂದು ವರ್ಷದಿಂದ ದಿನಕ್ಕೆ ಮೂರ್ನಾಲ್ಕು ಸಿಗರೇಟು ಸೇದುತ್ತೇನೆ. ಒಸಡಿನಲ್ಲಿ ರಕ್ತವಿಲ್ಲ, ನೋವಿಲ್ಲ. ಹಲ್ಲಿನ ಹಿಂಬದಿ ಮಾತ್ರ ಕಂದಾಗಿದೆ. ಬಿಳುಪಿನ ಪೇಸ್ಟ್ ಹಚ್ಚಿದರೆ ಸಾಲದೇ?

ಉತ್ತರ: ಕಲೆ ಸಣ್ಣ ವಿಷಯ. ಅದು ಹೊಗೆಯಲ್ಲಿನ ಜಿಗುಟು ಮಸಿ, ಟಾರ್. ದಂತವೈದ್ಯರಲ್ಲಿ ಸ್ಕೇಲಿಂಗ್ (ಕಟ್ಟಿದ ಕೊಳೆ ಕೆರೆದು ತೆಗೆಯುವುದು), ಪಾಲಿಶಿಂಗ್ ಮಾಡಿಸಿದರೆ ಬಹುಪಾಲು ಹೋಗುತ್ತದೆ. ಒರಟು ಪೇಸ್ಟ್ ಅಥವಾ ಇದ್ದಿಲ ಪುಡಿಯಿಂದ ತಿಕ್ಕಿದರೆ ಕಲೆಯ ಜೊತೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕೂಡ ಸವೆದೀತು, ಸವೆದದ್ದು ಮತ್ತೆ ಬೆಳೆಯದು.

ನಮಗೆ ಯೋಚನೆ ಹುಟ್ಟಿಸಿದ್ದು ನಿಮ್ಮ 'ರಕ್ತವಿಲ್ಲ' ಎಂಬ ಮಾತು. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದಾಗ ಒಸಡು ಕೆಂಪಾಗಿ ಊದಿ, ಬ್ರಷ್ ತಾಗಿದರೆ ರಕ್ತ ಒಸರಬೇಕು; ಅದೇ ಮೊದಲ ಎಚ್ಚರಿಕೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಆ ಎಚ್ಚರಿಕೆಯೇ ಅಡಗಿಬಿಡುತ್ತದೆ. ಮೇಲೆ ಒಸಡು ಪೇಲವವಾಗಿ, ಗಟ್ಟಿಯಾಗಿ ಕಾಣುತ್ತಿದ್ದರೂ ಒಳಗೆ ಹಲ್ಲು ಹಿಡಿದ ಮೂಳೆ ಕರಗುತ್ತಿರಬಹುದು. ನಿಮಗೆ ಹಾಗಾಗಿದೆ ಎಂದಲ್ಲ, ಕನ್ನಡಿ ನೋಡಿ ತಿಳಿಯುವುದಿಲ್ಲ ಅಷ್ಟೆ. ದಂತವೈದ್ಯರು ಮಿಲಿಮೀಟರ್ ಗುರುತಿರುವ ಸಣ್ಣ ಕಡ್ಡಿಯನ್ನು ಹಲ್ಲು–ಒಸಡಿನ ನಡುವೆ ಇಳಿಸಿ ಅಳೆಯುತ್ತಾರೆ: 1ರಿಂದ 3 ಮಿ.ಮೀ. ಸಹಜ, 4 ದಾಟಿದರೆ ಎಕ್ಸ್-ರೇ ಬೇಕಾಗಬಹುದು. ಸೇದುವುದನ್ನು ಮುಚ್ಚಿಡದೆ ಹೇಳಿ, ಇಲ್ಲದಿದ್ದರೆ ಅವರೂ ಮೋಸಹೋಗಬಹುದು.

ಇನ್ನೊಂದು: ಸಿಗರೇಟು ಬಿಟ್ಟ ಮೊದಲ ಕೆಲವು ವಾರಗಳಲ್ಲಿ ಒಸಡಿನಿಂದ ರಕ್ತ ಬರಬಹುದು. 'ಬಿಟ್ಟದ್ದರಿಂದಲೇ ಕೆಟ್ಟಿತು' ಎಂದು ಮತ್ತೆ ಹಚ್ಚಬೇಡಿ. ರಕ್ತಸಂಚಾರ ಮರಳಿ, ಅಡಗಿದ್ದ ಉರಿಯೂತ ಹೊರಬಂದಿರುತ್ತದೆ. ಮೆತ್ತನೆಯ ಬ್ರಷ್‌ನಿಂದ ದಿನಕ್ಕೆರಡು ಬಾರಿ, ಎರಡೆರಡು ನಿಮಿಷ ಉಜ್ಜಿ. ಹಲ್ಲಿನ ಸಂದಿಗೆ ಫ್ಲಾಸ್ ಬಳಸಿ.

ಪ್ರಶ್ನೆ: ಬುದ್ಧಿಹಲ್ಲು ಕೀಳಿಸುವವನಿದ್ದೇನೆ. ಅಂದು ಸಂಜೆ ಒಂದೇ ಒಂದು ಸಿಗರೇಟು ಸೇದಬಹುದೇ?

ಉತ್ತರ: ಬೇಡ. ಹಲ್ಲು ಕಿತ್ತ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಮೂಳೆಗೆ ಹೊದಿಕೆ. ದಮ್ಮೆಳೆಯುವ ಸೆಳೆತಕ್ಕೆ ಅದು ಕಿತ್ತುಬರಬಹುದು. ಹಾಗಾದರೆ ಎರಡು ಮೂರು ದಿನಗಳಲ್ಲಿ ಕಿವಿಯವರೆಗೆ ಹರಡುವ ನೋವು, ಬಾಯಲ್ಲಿ ದುರ್ವಾಸನೆ. ಇದು 'ಡ್ರೈ ಸಾಕೆಟ್'. ಕನಿಷ್ಠ 72 ಗಂಟೆ ಸಿಗರೇಟೂ ಬೇಡ, ಸ್ಟ್ರಾ ಹಾಕಿ ಕುಡಿಯುವುದೂ ಬೇಡ.

ಪ್ರಶ್ನೆ: ಮಗಳು ವೇಪ್ ಮಾಡುತ್ತಾಳೆ (ಇ-ಸಿಗರೇಟು ಸೇದುತ್ತಾಳೆ), ಹೊಗೆಯಿಲ್ಲವಲ್ಲ ಎನ್ನುತ್ತಾಳೆ. ಕೆನ್ನೆಯೊಳಗೆ ಬಿಳಿ ಮಚ್ಚೆ ಇದೆ.

ಉತ್ತರ: ಟಾರ್ ಇಲ್ಲ, ನಿಜ. ಆದರೆ ಹೆಚ್ಚಿನವುಗಳಲ್ಲಿ ನಿಕೋಟಿನ್ ಇದೆ, ಬಾಯಿಯೂ ಒಣಗುತ್ತದೆ. ಜೊಲ್ಲು ಕಡಿಮೆಯಾದರೆ ಹುಳುಕು ಬೇಗ. ಮಚ್ಚೆ ಹಲ್ಲು ತಾಗಿ ಆದದ್ದೂ ಇರಬಹುದು, ಗಾಬರಿ ಬೇಡ. ಆದರೆ ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಎರಡು ವಾರ ದಾಟಿದರೆ ದಂತವೈದ್ಯರಿಗೆ ತೋರಿಸಲೇಬೇಕು, ನೋವಿಲ್ಲದಿದ್ದರೂ.