ಹಸಿವನ್ನು ಬೈಯಬೇಡಿ ಮೇಷ್ಟ್ರೇ

ಪತ್ರ: ನನ್ನ ಮೊಮ್ಮಗ ಊಟ ಮುಗಿಸಿ ಗಂಟೆಯಾಗುವಷ್ಟರಲ್ಲಿ ಮತ್ತೆ ತಿಂಡಿ ಕೇಳುತ್ತಾನೆ. ಮೈ ಬೇರೆ ದಪ್ಪ. ಹಸಿವು ಹುಟ್ಟುವುದು ಮೆದುಳಿನಲ್ಲಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ಇದೆಲ್ಲ ನೆಪ. ಬರೀ ನಾಲಿಗೆ ಚಪಲ. ನಲವತ್ತು ವರ್ಷದಿಂದ ಏಕಾದಶಿ ಉಪವಾಸ ಮಾಡುತ್ತಿದ್ದೇನೆ, ನನಗೇನೂ ಆಗಿಲ್ಲ.
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಉಪವಾಸಕ್ಕೆ ನಮಸ್ಕಾರ. ಒಂದು ದಿನ ಹಸಿವು ತಡೆಯಬಹುದು, ಒಪ್ಪಿದೆ. ಆದರೆ ನೀವು ತಡೆದದ್ದು ಊಟವನ್ನು. ಹಸಿವು ಮಾತ್ರ ತನ್ನ ಪಾಡಿಗೆ ಹುಟ್ಟುತ್ತಲೇ ಇತ್ತು, ಅಲ್ವಾ?

ಬಾಲಕೃಷ್ಣ ಆನಂದ್ ಅವರ ಹೆಸರು ಕೇಳಿದ್ದೀರಾ? 1951ರಲ್ಲಿ ಅಮೆರಿಕದ ಯೇಲ್‌ನಲ್ಲಿ ಜಾನ್ ಬ್ರೊಬೆಕ್ ಜೊತೆ ಇಲಿಗಳ ಮೇಲೆ ಕೆಲಸ ಮಾಡಿದವರು. ಮೆದುಳಿನ ತಳದಲ್ಲಿ ಹೈಪೋಥಲಮಸ್ ಎಂಬ ಪುಟ್ಟ ಭಾಗವಿದೆ. ಅದರ ಎರಡೂ ಪಕ್ಕದಲ್ಲಿ ಚೂರೇ ಚೂರು ಜಾಗ ಕೆಡಿಸಿದರು. ಇಲಿಗಳು ಊಟವನ್ನೇ ಬಿಟ್ಟವು. ಆಹಾರ ಮೂತಿಯ ಮುಂದೆಯೇ ಇದ್ದರೂ ಮುಟ್ಟಲಿಲ್ಲ. ಅವುಗಳ ನಾಲಿಗೆಗೇನೂ ಆಗಿರಲಿಲ್ಲ. 2011ರಲ್ಲಿ ಇದಕ್ಕೆ ತಿರುಗಾಮುರುಗಾ ಆಯಿತು. ಅದೇ ಹೈಪೋಥಲಮಸ್‌ನ ಎಜಿಆರ್‌ಪಿ ಎಂಬ ನರಕೋಶಗಳನ್ನು ಬೇರೆ ವಿಜ್ಞಾನಿಗಳು ಬೆಳಕಿನಿಂದ ಎಬ್ಬಿಸಿದರು. ಹೊಟ್ಟೆ ತುಂಬಿದ್ದ ಇಲಿಗಳು ಕೆಲವೇ ನಿಮಿಷದಲ್ಲಿ ಗಬಗಬ ತಿನ್ನತೊಡಗಿದವು.

ಬಾಯಾರಿಕೆಯದೂ ಇದೇ ಕಥೆ. 1950ರ ದಶಕದಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಆಡುಗಳ ಹೈಪೋಥಲಮಸ್‌ಗೆ ತುಸು ಉಪ್ಪುನೀರು ಬಿಟ್ಟರು. ಅವು ಲೀಟರ್‌ಗಟ್ಟಲೆ ನೀರು ಕುಡಿದವು. ಬಾಯಾರಿ ಬಂದವರಿಗೆ ನಾವು ಬೆಲ್ಲ ನೀರು ಕೊಟ್ಟು ಉಪಚರಿಸುತ್ತೇವೆ. ಹಸಿದ ದಪ್ಪ ಹುಡುಗನಿಗೆ ಮಾತ್ರ ಬೈಗುಳ ಯಾಕೆ?

ಇನ್ನೂ ಒಂದಿದೆ. ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಲೆಪ್ಟಿನ್ನಿನ ಜೀನ್ ಪತ್ತೆ ಮಾಡಿತು. ಮೈಯ ಕೊಬ್ಬು ಈ ಹಾರ್ಮೋನಿನ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ, ಹಸಿವು ಜಾಸ್ತಿಯಾಗುತ್ತದೆ. ತೂಕ ಇಳಿಸಿದವರು ಮೊದಲಿಗಿಂತ ಹೆಚ್ಚು ಹಸಿಯುತ್ತಾರೆ. ಅವರಿಗೆ ಮನಸ್ಸು ಗಟ್ಟಿಯಿಲ್ಲ ಎಂದರೆ ನನಗೆ ಸಿಟ್ಟೇ ಬರುತ್ತದೆ.

ಹೋದ ವರ್ಷ ಒಂದು ಮದುವೆ ಊಟದಲ್ಲಿ ನನ್ನ ಎದುರು ಪಂಕ್ತಿಯಲ್ಲಿ ಹನ್ನೆರಡರ ಹುಡುಗಿ ಕೂತಿದ್ದಳು. ಎರಡನೇ ಹೋಳಿಗೆ ಕೇಳಿದಳು. "ನಿಂಗೆ ಸಾಕಮ್ಮ" ಎಂದರು ಹಿರಿಯರೊಬ್ಬರು. ಪಂಕ್ತಿಯೆಲ್ಲ ನಕ್ಕಿತು. ಮಗು ಅನ್ನಕ್ಕೂ ಕಾಯದೆ ಎಲೆ ಮಡಚಿ ಎದ್ದಿತು. ಅದಕ್ಕೆ ಸಮಾಧಾನ ಹೇಳಲು ಒಬ್ಬರೂ ಏಳಲಿಲ್ಲ. ನಾನೂ ಏಳಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ನಾನು ಶಾಲೆಯಲ್ಲಿ ಓದಿದ ಯಾವ ಪಾಠದಲ್ಲೂ ಆನಂದ್ ಇರಲಿಲ್ಲ. ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗ ಕಟ್ಟಿದವರು ಅವರು. ನಮ್ಮವರು ಕಂಡುಕೊಂಡದ್ದನ್ನು ನಮ್ಮ ಮಕ್ಕಳಿಗೇ ಹೇಳಿಕೊಡುವುದಿಲ್ಲ, ಆಮೇಲೆ ಅವರನ್ನೇ ಬೈಯುತ್ತೇವೆ. ನೀವು ಪಾಠ ಹೇಳಿದ ಕೈ ಮೇಷ್ಟ್ರೇ. ಮೊಮ್ಮಗನಿಗೆ ಆ ಇಲಿಗಳ ಕಥೆ ಹೇಳಿ. ಅವನು ತಿಂಡಿ ತಿನ್ನುತ್ತಿರುವಾಗಲೇ, ಪಕ್ಕದಲ್ಲಿ ಕೂತು ಹೇಳಿ.