ಮಾದರಿ ರೈಲಿನ ಪ್ಲಾಸ್ಟಿಕ್ ಕಟ್ಟಡಗಳು ಆಟಿಕೆಯಂತೆ ಕಾಣದಿರಲು ಏನು ಮಾಡಬೇಕು?

ಆಟಿಕೆ ಅನ್ನಿಸುವುದು ಮುಖ್ಯವಾಗಿ ಪ್ಲಾಸ್ಟಿಕ್ಕಿನ ಹೊಳಪಿನಿಂದ. ಕಿಟ್ಟಿನಲ್ಲಿ ಬಿಡಿಯಾಗಿ ಬರುವ ಗೋಡೆಗಳನ್ನು ಅಂಟಿಸುವ ಮೊದಲೇ ಸೋಪು ನೀರಲ್ಲಿ ತೊಳೆದು, ಒಣಗಿಸಿ, ಮ್ಯಾಟ್ ಬಣ್ಣ ಬಳಿಯಿರಿ. ಇಟ್ಟಿಗೆ ಗೋಡೆಗೆ ಇಷ್ಟೇ ಸಾಲದು. ಬಣ್ಣ ಪೂರ್ತಿ ಒಣಗಿದ ಮೇಲೆ ತಿಳಿ ಬೂದು ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಕಲಸಿ ಇಡೀ ಗೋಡೆಗೆ ಹಚ್ಚಿ, ಅದು ಒಣಗುವ ಮುನ್ನ ತುಸು ಒದ್ದೆಯಾದ ಬಟ್ಟೆಯಿಂದ ಮೇಲ್ಮೈಯನ್ನಷ್ಟೇ ಒರೆಸಿ. ಸಂದುಗಳಲ್ಲಿ ಉಳಿದ ಬೂದು ಅಚ್ಚುಕಟ್ಟಾದ ಗಾರೆಯಂತೆ ಕಾಣುತ್ತದೆ. ನನಗೆ ಇಡೀ ಕೆಲಸದಲ್ಲಿ ಅತ್ಯಂತ ಖುಷಿ ಕೊಡುವ ಗಳಿಗೆ ಇದು!

ಒಳಗೆ ಎಲ್‌ಇಡಿ ಹಾಕುವುದಿದ್ದರೆ ಗೋಡೆಯ ಒಳಮೈಗೆ ಕಪ್ಪು ಬಳಿಯಿರಿ. ಇಲ್ಲದಿದ್ದರೆ ಗೋಡೆಯೇ ಬೆಳಗುತ್ತದೆ.

ಎಲ್ಲರ ಬಳಿ ಇರುವ ಕಿಟ್ಟೇ ನಿಮ್ಮದಾದರೆ, ಅಂಥವೇ ಎರಡನ್ನು ಕೊಂಡು ಗೋಡೆಗಳನ್ನು ಕತ್ತರಿಸಿ ಜೋಡಿಸಿ, ಉದ್ದನೆಯ ಗೋದಾಮು ಮಾಡಬಹುದು. ಹೊಸದಾಗಿ ಸೇರಿಸುವ ಬಾಗಿಲು, ಮೆಟ್ಟಿಲುಗಳ ಅಳತೆ ಮಾತ್ರ ತಪ್ಪಬಾರದು. ಎಚ್‌ಒ ಎಂಬ ಮಾದರಿ ರೈಲಿನ ಅಳತೆಯಲ್ಲಿ ಎಲ್ಲವೂ ನಿಜವಾದುದರ 87ನೇ ಒಂದು ಭಾಗ (1:87), ಅಂದರೆ ಒಂದು ಅಡಿಗೆ 3.5 ಮಿ.ಮೀ. ಆರಡಿ ಆಳು 21 ಮಿ.ಮೀ. ಇರುತ್ತಾನೆ. ಅಂಥ ಒಂದು ಗೊಂಬೆಯನ್ನು ಬಾಗಿಲ ಪಕ್ಕ ನಿಲ್ಲಿಸಿ ನೋಡಿ, ಅಳತೆ ತಪ್ಪಿದ್ದರೆ ತಕ್ಷಣ ಗೊತ್ತಾಗುತ್ತದೆ.